ಉಪ್ಪು ತಿಂದ ಬೆರಳು

ಬೆಳಗ್ಗೆ ಕತ್ತಲಿರುವಾಗಲೇ ಮೇಸ್ತ್ರಿ ಗ್ರೀಗ್ ಬಂದು ಕಿಟಕಿಗೆ ಕೋಲಿನಿಂದ ಬಡಿಯುತ್ತಿದ್ದ. ಅವನು "ಏಳಿ" ಎಂದು ಕೂಗುತ್ತಿರಲಿಲ್ಲ. "ಬೆರಳು ಕಟ್ಟಿಕೊಳ್ಳಿ!" ಎಂದು ಕೂಗುತ್ತಿದ್ದ. ನಾವು ಮುಖ ತೊಳೆದೆವೋ, ಚಹಾ ಕುಡಿದೆವೋ ಅವನಿಗೆ ಬೇಕಾಗಿರಲಿಲ್ಲ. ಬೆರಳು ಕಟ್ಟಿದ್ದರೆ ಅವನಿಗೆ ಸಾಕಾಗಿತ್ತು.

ನಾವು ಹಾಸಿಗೆಯ ಮೇಲೇ ಕೂತು ಕಟ್ಟಿಕೊಳ್ಳುತ್ತಿದ್ದೆವು. ಹಿಟ್ಟಿನ ಚೀಲವನ್ನು ಪಟ್ಟಿ ಪಟ್ಟಿಯಾಗಿ ಹರಿದು, ಒಂದೊಂದು ಬೆರಳಿಗೂ ಸುತ್ತಿ, ಮೇಲೆ ನೂಲು ಬಿಗಿದು, ನೂಲಿನ ತುದಿಯನ್ನು ಹಲ್ಲಿನಿಂದ ಕಡಿಯಬೇಕು. ಕತ್ತಿ ಜಾರಿದರೆ ಚರ್ಮಕ್ಕಿಂತ ಮೊದಲು ಬಟ್ಟೆ ಸಿಗಲಿ ಎಂದು ಈ ಉಪಾಯ. ಉಪ್ಪನ್ನು ತಡೆಯುವ ಬಟ್ಟೆಯನ್ನು ಮಾತ್ರ ಇನ್ನೂ ಯಾವ ಗಿರಣಿಯವನೂ ನೇಯ್ದಿಲ್ಲ.

ನಾವು ಇಂಗ್ಲೆಂಡಿನ ಉತ್ತರಕ್ಕಿರುವ ಲೂಯಿಸ್ ದ್ವೀಪದವರು. ಹೆರಿಂಗ್ ಮೀನು ಹೋದಲ್ಲಿಗೆ ಹೋಗುವುದು ನಮ್ಮ ಬಾಳು. ಬೇಸಿಗೆಯಲ್ಲಿ ಶೆಟ್‌ಲ್ಯಾಂಡ್, ಚಳಿ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನ ಯಾರ್ಮತ್ ಬಂದರು. ಮೂವರು ಹೆಂಗಸರು ಸೇರಿದರೆ ಒಂದು ತಂಡ. ಇಬ್ಬರು ಮೀನು ಸೀಳಿ ಕರುಳು ತೆಗೆಯುವವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಗೆ ತುಂಬುವವಳು. ನಮ್ಮ ತಂಡದಲ್ಲಿ ಸೀಳುವವರು ಡೊಲೀನಾ ಎಂಬ ನಾನು ಮತ್ತು ನನ್ನ ದೊಡ್ಡಪ್ಪನ ಮಗಳು ಮರ್ಡೀನಾ. ತುಂಬುವವಳು ಓಯ್ರಿಕ್. ಗಂಡನನ್ನು ಸಮುದ್ರಕ್ಕೆ ಕೊಟ್ಟು ಕೂತ ಹೆಂಗಸು. ಒಳ್ಳೆ ಎತ್ತರದ ಆಳು. ಅವಳ ಬಾಯಿ ಯಾರ ಅಂಕೆಗೂ ಸಿಗುತ್ತಿರಲಿಲ್ಲ.

ಮರ್ಡೀನಾಳ ಕೈಯನ್ನು ನೀವು ನೋಡಬೇಕಿತ್ತು. ಮೀನನ್ನು ಹಿಡಿದದ್ದು ಕಂಡರೆ ಸೀಳಿದ್ದು ಕಾಣುತ್ತಿರಲಿಲ್ಲ, ಸೀಳಿದ್ದು ಕಂಡರೆ ಎಸೆದದ್ದು ಕಾಣುತ್ತಿರಲಿಲ್ಲ. ಹಿಂದೆ ಸಾಲಾಗಿ ಇಟ್ಟ ಬಾನಿಗಳಿಗೆ ದೊಡ್ಡದು, ನಡುವಿನದು, ಸಣ್ಣದು ಎಂದು ತಿರುಗಿಯೂ ನೋಡದೆ ಎಸೆಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಊರಿನಲ್ಲಿ ಅವಳ ಹಾಸಿಗೆ ಹಿಡಿದ ತಾಯಿ, ಇಬ್ಬರು ಚಿಕ್ಕ ತಂಗಿಯರು ಆ ಕೈಯನ್ನೇ ನಂಬಿಕೊಂಡಿದ್ದರು.

ಆ ವರ್ಷ ಯಾರ್ಮತ್‌ಗೆ ನಮ್ಮನ್ನು ಕರೆಸಿಕೊಂಡ ಯಜಮಾನ ಡ್ಯೂಗಿಡ್ ಎಂಬುವನು. ಮೀನಿಗೆ ಉಪ್ಪು ಹಾಕಿಸಿ ಪರದೇಶಕ್ಕೆ ಮಾರುವ ಕುಳ. ಮೊದಲ ದಿನವೇ ಮಗುಚಿದ ಪೀಪಾಯಿಯ ಮೇಲೆ ನಿಂತು ಭಾಷಣ ಮಾಡಿದ.

"ನೋಡಿ ಹುಡುಗಿಯರೇ, ಗಾಯ ಅಂದ್ರೆ ಎರಡು ತರ. ಒಂದು ಕತ್ತಿ ತಾಗಿದ್ದು. ಅದು ಕೆಲಸದ ಗಾಯ, ಮರ್ಯಾದೆಯ ಗಾಯ. ಅದಕ್ಕೆ ನಾನಿದ್ದೇನೆ. ಔಷಧಿಗೆ ಹೋಗಿ, ಬೇಕಾದ್ರೆ ಆಸ್ಪತ್ರೆಗೂ ಕಳಿಸ್ತೇನೆ. ಇನ್ನೊಂದು ಉಪ್ಪು ಕೊರೆದದ್ದು. ಅದು ಸೋಮಾರಿ ಗಾಯ. ಬೆರಳು ನೆಟ್ಟಗೆ ಕಟ್ಟಿಕೊಳ್ಳದವಳಿಗೆ ಬರೋದು. ಅಂಥ ಕೊಳಕು ಕೈ ನನ್ನ ಮೀನು ಮುಟ್ಟಬಾರದು. ಅವಳು ಮನೆಗೆ ಹೋಗ್ಬೇಕು. ಜೊತೆಗೆ ಅವಳ ತಂಡವೂ."

ಮನುಷ್ಯರಲ್ಲಿ ಮೇಲುಕೀಳು ಮಾಡಿದ್ದು ಸಾಲದೆ ಗಾಯದಲ್ಲೂ ಮಾಡಿದ ಪುಣ್ಯಾತ್ಮ. ಮೀನು ಸುರಿಯುವ ತೊಟ್ಟಿಯ ಮುಂದೆ ನಿಂತ ಯಾವಳನ್ನಾದರೂ ಕೇಳಿ. ಮೀನು ಜಾರಬಾರದೆಂದು ತೊಟ್ಟಿಯಲ್ಲೇ ಅದಕ್ಕೆ ಉಪ್ಪು ಎರಚಿರುತ್ತಾರೆ. ಕೈ ದಿನವಿಡೀ ಅದರಲ್ಲೇ ಇರುತ್ತದೆ. ಮೀನಿನ ಮುಳ್ಳು ತರಚಿದ ಜಾಗಕ್ಕೆ ಉಪ್ಪಿನ ಹರಳು ಹೊಕ್ಕರೆ ಅದು ತಾನಾಗಿ ಹೊರಗೆ ಬರುವುದಿಲ್ಲ. ಬಟ್ಟೆಯ ಅಡಿಯಲ್ಲಿ ಕೂತು ಎಲುಬಿನ ತನಕ ತೂತು ಕೊರೆಯುತ್ತದೆ. ಬಿಗಿಯಾಗಿ ಕಟ್ಟಿದಷ್ಟೂ ಒಳ್ಳೆಯದಾಗಿ ಕೊರೆಯುತ್ತದೆ.

ಮರ್ಡೀನಾಳ ಎಡಗೈಯ ತೋರುಬೆರಳಿನ ಬುಡದಲ್ಲಿ ಅದು ಶುರುವಾದದ್ದು ನಮಗೆ ಗೊತ್ತಾದದ್ದೇ ತಡವಾಗಿ. ಚಹಾದ ಲೋಟವನ್ನು ಬಲಗೈಯಲ್ಲೇ ಹಿಡಿಯುತ್ತಿದ್ದಳು. ಹೊಲಿಗೆ, ಹೆಣಿಗೆ ಬಿಟ್ಟಿದ್ದಳು. ದಾರಿಯಲ್ಲಿ ನಡೆಯುವಾಗಲೂ ಕಾಲುಚೀಲ ಹೆಣೆಯುವ ಹೆಂಗಸು ಹೆಣಿಗೆ ಬಿಟ್ಟಳೆಂದರೆ ಅನುಮಾನ ಬರುವುದಿಲ್ಲವೇ?

"ಎಂತ ಅದು? ತೋರಿಸು" ಎಂದಳು ಓಯ್ರಿಕ್.

"ಎಂತ ಇಲ್ಲ."

"ಎಂತ ಇಲ್ಲದಿದ್ದರೆ ತೋರಿಸ್ಲಿಕ್ಕೆ ಎಂತ ಕಷ್ಟ? ಮದುಮಗಳ ಮುಖವಾ ಅದು, ಮುಚ್ಚಿಡ್ಲಿಕ್ಕೆ?"

ಬಿಚ್ಚಿ ನೋಡಿದರೆ ಬಟಾಣಿ ಕೂರುವಷ್ಟು ತೂತು. ಸುತ್ತ ಕೆಂಪು. ಕೀವು ಎಳೆಯಲೆಂದು ಓಯ್ರಿಕ್ ಬ್ರೆಡ್ಡನ್ನು ಬಿಸಿನೀರಿನಲ್ಲಿ ಹಿಚುಕಿ ಬೆಚ್ಚಗೆ ಕಟ್ಟಿದಳು. ಮರ್ಡೀನಾ ತುಟಿ ಕಚ್ಚಿಕೊಂಡು ನಡುಗುತ್ತಿದ್ದಳು.

"ಸಿಸ್ಟರ್ ಹತ್ರ ಹೋಗುವ" ಎಂದೆ ನಾನು. ಬಂದರಿನಲ್ಲಿ ಚರ್ಚಿನವರ ಔಷಧಿ ಗುಡಿಸಲು ಇತ್ತು. ಅಲ್ಲಿ ಸಿಸ್ಟರ್ ಹ್ಯಾಡೋ ಎಂಬ ನರ್ಸಮ್ಮ ಗಾಯ ತೊಳೆದು ಕಟ್ಟುತ್ತಿದ್ದಳು.

"ಬೇಡ" ಎಂದಳು ಮರ್ಡೀನಾ. "ಗುಡಿಸಲು ಇರೂದು ಡ್ಯೂಗಿಡ್‌ನ ಅಂಗಳದಲ್ಲಿ. ಬಾಗಿಲಲ್ಲೇ ಆ ಗ್ರೀಗ್ ಕೂತಿರ್ತಾನೆ. ಕತ್ತಿಯದ್ದಾ, ಉಪ್ಪಿನದ್ದಾ ಅಂತ ಕೇಳಿಯೇ ಒಳಗೆ ಬಿಡೂದು. ನನ್ನಿಂದಾಗಿ ನೀವಿಬ್ರೂ ಮನೆಗೆ ಹೋಗೂದು ಬೇಡ. ಸ್ವಲ್ಪ ದಿನ ಮಾರಾಯ್ತಿ, ವಾಸಿಯಾಗ್ತದೆ."

ಆಮೇಲೆ ಅವಳು ಮಲಗುವಾಗಲೂ ಆ ಬಟ್ಟೆ ಬಿಚ್ಚುವುದನ್ನು ನಿಲ್ಲಿಸಿದಳು. ಬಿಚ್ಚಿದರೆ ಬೆಳಗಾಗುವಷ್ಟರಲ್ಲಿ ಬೆರಳು ಊದಿಕೊಂಡು ಮತ್ತೆ ಕಟ್ಟಲು ಬರುತ್ತಿರಲಿಲ್ಲ. ಒದ್ದೆ ನೂಲು ಬಿಗಿದ ಬೆರಳನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅಳುವುದು ನನಗೆ ಗೊತ್ತಾಗುತ್ತಿತ್ತು. ಒಂದೇ ಹಾಸಿಗೆಯಲ್ಲಿ ಮೂವರು ಮಲಗುವಾಗ ಗುಟ್ಟು ಎಲ್ಲಿ ಉಳಿಯುತ್ತದೆ?

ಭಾನುವಾರ ಬಂತು. ಭಾನುವಾರ ನಮ್ಮವರು ಕತ್ತಿ ಮುಟ್ಟುವುದಿಲ್ಲ, ಹೆಣಿಗೆಯ ಸೂಜಿಯನ್ನೂ ಮುಟ್ಟುವುದಿಲ್ಲ. ಬಂದರಿನ ತುಂಬ ಮೀನು ಬಿದ್ದಿದ್ದರೂ ಅಷ್ಟೇ. ಇಂಗ್ಲಿಷಿನವರು ನಗುತ್ತಾರೆ, ನಗಲಿ. ಮರ್ಡೀನಾ ಕೈಗೆ ಉಣ್ಣೆಯ ಗವುಸು ಹಾಕಿಕೊಂಡು ಚರ್ಚಿಗೆ ಬಂದಳು. ನಮ್ಮ ಗೇಲಿಕ್ ನುಡಿಯ ಕೀರ್ತನೆಯನ್ನು ಒಬ್ಬ ಮುದುಕ ಒಂದೊಂದೇ ಸಾಲು ಎಳೆದು ಹೇಳಿಕೊಟ್ಟ. ನಾವು ಹಿಂದಿನಿಂದ ಎತ್ತಿಕೊಂಡೆವು. ಎಷ್ಟೋ ದಿನದಿಂದ ಬಾಯಿ ಬಿಡದಿದ್ದ ಮರ್ಡೀನಾ ಆ ದಿನ ಹಾಡಿದಳು. ನಡುವೆ ನನ್ನ ಕಡೆಗೆ ತಿರುಗಿದಳು. ಮುಖ ಅರಳಿತ್ತು.

"ಡೊಲೀನಾ, ನೋವು ನಿಂತೇ ಹೋಯ್ತು! ಒಂಚೂರೂ ಇಲ್ಲ!"

"ನಿಜವಾ?"

"ದೇವರಾಣೆ. ಅವನ ದಿನ, ಅವನೇ ತೆಗೆದ."

ನನಗೂ ಕಣ್ಣು ತುಂಬಿತು. ಹೊರಗೆ ಬಂದ ಮೇಲೆ ಓಯ್ರಿಕ್‌ಗೂ ಹೇಳಿದೆವು. ಯಾರನ್ನೂ ಸುಲಭಕ್ಕೆ ನಂಬದ ಆ ಹೆಂಗಸು ಕೂಡ ತಲೆ ತಗ್ಗಿಸಿ ದೇವರಿಗೆ ಕೈ ಮುಗಿದಳು. ಗವುಸು ತೆಗೆದು ನೋಡುವ ಬುದ್ಧಿ ಮೂವರಲ್ಲಿ ಒಬ್ಬಳಿಗೂ ಬರಲಿಲ್ಲ. ದೇವರು ವಾಸಿ ಮಾಡಿದ್ದನ್ನು ಬಿಚ್ಚಿ ಪರೀಕ್ಷೆ ಮಾಡುವುದೇ? ಆ ರಾತ್ರಿ ಅವಳು ಮಗುವಿನ ಹಾಗೆ ನಿದ್ದೆ ಮಾಡಿದಳು.

ಸೋಮವಾರ ಬೆಳಗ್ಗೆ ಹಳೆ ಬಟ್ಟೆ ಕತ್ತರಿಸಿ ಹೊಸದು ಕಟ್ಟಲು ಹೋದಾಗ ಬೆರಳು ಕಂಡಿತು. ಮೇಣದ ಹಾಗೆ ಬೆಳ್ಳಗಾಗಿತ್ತು. ತೂತಿನ ಸುತ್ತ ಕಪ್ಪು. ನಾನು ಉಗುರಿನಿಂದ ಒತ್ತಿದೆ.

"ನೋಯ್ತದಾ?"

"ಇಲ್ಲ."

"ಈಗ?"

"ಮುಟ್ಟಿದೆಯಾ?" ಎಂದು ಕೇಳಿದಳು ಮರ್ಡೀನಾ. ಅವಳು ಬೇರೆ ಕಡೆ ನೋಡುತ್ತಿದ್ದಳು.

ಆ ದಿನ ಗ್ರೀಗ್‌ನ ಬೈಗುಳಕ್ಕೆ ನಾವು ಸೊಪ್ಪು ಹಾಕಲಿಲ್ಲ. ಅವನು ಮೀನಿನ ಗಾಡಿಯ ಹಿಂದೆ ಓಡಿದ ಹೊತ್ತು ನೋಡಿ ಗುಡಿಸಲಿಗೆ ನುಗ್ಗಿದೆವು. ಸಿಸ್ಟರ್ ಹ್ಯಾಡೋ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಸೂಜಿಯ ತುದಿ ತಾಗಿಸಿದಳು. ಆಮೇಲೆ ಕುರ್ಚಿ ಎಳೆದು ಕೂತಳು.

"ನೋವು ಯಾವಾಗ ನಿಂತಿತಮ್ಮ?"

"ನಿನ್ನೆ. ಕೀರ್ತನೆಯ ಹೊತ್ತಿಗೆ" ಎಂದಳು ಮರ್ಡೀನಾ. ಇನ್ನೂ ಅವಳ ದನಿಯಲ್ಲಿ ಸ್ವಲ್ಪ ಸಂತೋಷವಿತ್ತು.

"ಕೆಟಲ್‌ನ ಹಬೆ ತಾಗಿ ಎಂದಾದರೂ ಕೈ ಸುಟ್ಟುಕೊಂಡಿದ್ದೀಯಾ?" ಎಂದಳು ಸಿಸ್ಟರ್. "ಕೆಂಪಾಗ್ತದೆ, ಉರೀತದೆ. ಅದು ಮೇಲಿನ ಚರ್ಮ ಮಾತ್ರ ಸುಟ್ಟದ್ದು. ಕುದಿಯುವ ನೀರೇ ಬಿದ್ದರೆ ಬೊಕ್ಕೆ ಏಳ್ತದೆ. ಅದು ಇನ್ನೂ ಒಳಗೆ ಹೋದದ್ದು, ಜೀವ ಹೋಗುವಷ್ಟು ನೋವು. ಆದರೆ ಬೆಂಕಿ ತಳದ ತನಕ ತಿಂದರೆ ಚರ್ಮ ಬಿಳಿ ಆಗ್ತದೆ, ಚಕ್ಕಳ ಆಗ್ತದೆ. ಅದು ನೋಯುವುದಿಲ್ಲ. ಯಾಕೆ ಹೇಳು? ನೋವು ತಿಳಿಯುವ ನರವೇ ಸತ್ತಿರ್ತದೆ. ಉಪ್ಪು ಬೆಂಕಿಯಲ್ಲ. ಆದರೆ ಇಷ್ಟು ದಿನ ಬಿಟ್ಟರೆ ಹೋಗಿ ಸೇರುವುದು ಅಲ್ಲಿಗೇ. ನೋವು ಇದ್ದಷ್ಟು ದಿನ ಬೆರಳು ನಿನ್ನದಾಗಿತ್ತು ಮಗಳೇ."

ಮರ್ಡೀನಾ ಅಳಲಿಲ್ಲ. ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಇವತ್ತೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕೈಗೆ ಏರ್ತದೆ, ಆಮೇಲೆ ರಕ್ತಕ್ಕೆ" ಎಂದಳು ಸಿಸ್ಟರ್. ಆಸ್ಪತ್ರೆಯವರು ಹಾಸಿಗೆ ಕೊಡಬೇಕಾದರೆ ಯಜಮಾನ ಹೊಣೆ ಹೊರಬೇಕು. ಕೂಲಿಯವಳು ಸುಮ್ಮನೆ ಹೋಗಿ ಬಾಗಿಲು ತಟ್ಟಿದರೆ ತೆಗೆಯುವವರು ಯಾರು? ಸಿಸ್ಟರ್ ತಾನೇ ನಮ್ಮ ಜೊತೆ ಡ್ಯೂಗಿಡ್‌ನ ಬಳಿ ಬಂದಳು.

ಅವನು ಬೆರಳನ್ನು ದೂರದಿಂದಲೇ ನೋಡಿದ. "ಉಪ್ಪಿನದ್ದು" ಎಂದ. ಮೀನಿನ ದರ್ಜೆ ಹೇಳಿದ ಹಾಗೆ ಹೇಳಿದ.

"ನಿಮ್ಮ ಕೆಲಸದಲ್ಲೇ ಆದದ್ದು" ಎಂದಳು ಸಿಸ್ಟರ್.

"ಸಿಸ್ಟರ್, ನಾನು ಉಪ್ಪು ಹಾಕಿಸೋದು ಮೀನಿಗೆ. ಹುಡುಗಿಯರಿಗೆ ಹಾಕಿ ಅಂತ ಹೇಳಿಲ್ಲ. ಇವಳೊಬ್ಬಳದಕ್ಕೆ ಹೂಂ ಅಂದ್ರೆ ನಾಳೆ ಬಂದರಿನ ಎಲ್ಲ ಹೆಣ್ಣುಗಳೂ ಬೆರಳು ತೋರಿಸ್ತಾರೆ. ನೀವು ಪಟ್ಟಿ ಕಟ್ಟಿ, ಪ್ರಾರ್ಥನೆ ಮಾಡಿ. ಆ ಗುಡಿಸಲು ನನ್ನ ಜಾಗದಲ್ಲಿದೆ ಅನ್ನೋದು ನೆನಪಿರಲಿ."

ಸಿಸ್ಟರ್‌ಳ ಮುಖ ಕೆಂಪೇರಿತು. ಗುಡಿಸಲಿನ ಕಡೆಗೆ ತಿರುಗಿ ನಡೆದಳು. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಗುಡಿಸಲಿನಿಂದ ಎಷ್ಟೋ ಕೈಗಳು ಉಳಿದಿದ್ದವು.

ಡ್ಯೂಗಿಡ್ ನಮ್ಮ ಕಡೆ ತಿರುಗಿದ. "ನನ್ನ ಉಪ್ಪು ತಿಂದು ನನ್ನ ಮೇಲೇ ದೂರು ತರ್ತೀರಾ? ಈ ಮೀನು ಮುಗಿಸಿ. ನಾಳೆ ಮೂವರೂ ಗಂಟು ಕಟ್ಟಿ."

ಓಯ್ರಿಕ್ ಗೇಲಿಕ್‌ನಲ್ಲಿ ಹೇಳಿದಳು: "ನಾವು ಇವನ ಉಪ್ಪು ತಿಂದದ್ದು ಎಷ್ಟೋ, ಇವನ ಉಪ್ಪು ನಮ್ಮನ್ನ ತಿಂದದ್ದು ಅದಕ್ಕಿಂತ ಜಾಸ್ತಿ." ಅವನಿಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಅಷ್ಟೆ.

ಮತ್ತೆ ತೊಟ್ಟಿಗೆ ಬಂದು ನಿಂತೆವು. ಮೀನು ಗುಡ್ಡೆ ಬಿದ್ದಿತ್ತು. ಮೇಲೆ ಕಡಲಹಕ್ಕಿಗಳು ಕಿರುಚುತ್ತಿದ್ದವು. ಓಯ್ರಿಕ್ ಪೀಪಾಯಿಯ ಕೆಲಸ ಬಿಟ್ಟು ನನ್ನ ಪಕ್ಕಕ್ಕೆ ಬಂದಳು.

"ಡೊಲೀನಾ, ಕತ್ತಿಯದ್ದಾದರೆ ಆಸ್ಪತ್ರೆಗೆ ಕಳಿಸ್ತಾನಲ್ವಾ?"

"ಹೌದು."

"ಹಾಗಾದ್ರೆ ಕತ್ತಿಯದ್ದು ಮಾಡು."

ನನ್ನ ಕೈಯಲ್ಲಿದ್ದ ಮೀನು ಜಾರಿ ಬಿತ್ತು. "ಎಂತ ಮಾತಾಡ್ತಿ? ತಲೆ ಸಮ ಉಂಟಾ ನಿಂಗೆ?"

"ನನ್ನ ಕೈಗೆ ಕತ್ತಿ ಪಳಗಿಲ್ಲ. ಪಳಗಿದ್ರೆ ನಿನ್ನ ಹತ್ರ ಕೇಳ್ತಿರಲಿಲ್ಲ."

ಮರ್ಡೀನಾ ಎಲ್ಲ ಕೇಳಿಸಿಕೊಂಡಿದ್ದಳು. ಎಡಗೈಯನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟಳು. "ಮಾಡು. ನನಗೆ ಗೊತ್ತೂ ಆಗೂದಿಲ್ಲ."

"ಗೊತ್ತಾಗ್ತದೆ" ಎಂದಳು ಓಯ್ರಿಕ್. "ಸತ್ತ ಕಡೆ ಕೊಯ್ದರೆ ರಕ್ತ ಬರೂದಿಲ್ಲ ಮಗಾ. ರಕ್ತ ಇಲ್ಲದಿದ್ರೆ ಗ್ರೀಗ್ ನಂಬೂದಿಲ್ಲ. ಜೀವ ಇರುವ ಕಡೆಗೇ ಕೊಯ್ಯಬೇಕು."

ಮರ್ಡೀನಾ ಅಂಗೈ ಮೇಲೆ ಮಾಡಿ ಬಿಡಿಸಿ ಹಿಡಿದಳು. "ಅಮ್ಮನಿಗೆ ಹೇಳ್ಬೇಡ" ಎಂದಳು.

ನಾನು ಕೊಯ್ದೆ. ಸತ್ತ ಬೆರಳಿನ ಬುಡದಿಂದ ಅಂಗೈಗೆ ಎಳೆದೆ. ದಿನಕ್ಕೆ ಸಾವಿರಾರು ಮೀನು ಸೀಳುವ ಕತ್ತಿ, ಹರಿತ ಹೇಳಬೇಕೆ. ಅವಳು ಕೂಗಿದ್ದು ಹಡಗುಕಟ್ಟೆಯ ಆಚೆ ತನಕ ಕೇಳಿತು. ಉಪ್ಪು ತುಂಬಿದ ಮೀನಿನ ಮೇಲೆ ರಕ್ತ ಹರಿಯಿತು. ನಾನು ಮಾಡಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ಮಾಡಿಸಿದವನ ಮೇಲಿನ ಸಿಟ್ಟು ಮಾತ್ರ ಈ ಮುದಿ ವಯಸ್ಸಿನಲ್ಲೂ ಇಳಿದಿಲ್ಲ.

ಡ್ಯೂಗಿಡ್ ಓಡಿ ಬಂದ. ರಕ್ತ ನೋಡಿದ್ದೇ ಮನುಷ್ಯ ಬೇರೆಯೇ ಆಗಿಬಿಟ್ಟ. ತನ್ನ ಬಿಳಿ ಕರವಸ್ತ್ರ ತೆಗೆದು ತಾನೇ ಸುತ್ತಿದ. "ಲಾರಿ ತನ್ನಿ!" ಎಂದು ಕೂಗಿದ. ಅವಳನ್ನು ಹತ್ತಿಸಿ, ಸುತ್ತ ನಿಂತ ನಮಗೆಲ್ಲ ಕೇಳುವ ಹಾಗೆ ಹೇಳಿದ: "ನೋಡಿದ್ರಲ್ಲ? ಇದು ಮರ್ಯಾದೆಯ ಗಾಯ. ನಾನು ನನ್ನ ಹುಡುಗಿಯರನ್ನ ನೋಡಿಕೊಳ್ಳೋದಿಲ್ಲ ಅಂತ ಯಾರಾದ್ರೂ ಹೇಳಲಿ ನೋಡೋಣ."

ಆ ಬಟ್ಟೆಯ ಅಡಿಯಲ್ಲಿದ್ದದ್ದು ಬೆಳಗ್ಗೆ ತಾನೇ ನೋಡಿ ಮೂಗು ಮುರಿದ ಅದೇ ಬೆರಳು. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನ್ನ ಲೆಕ್ಕ. ರಕ್ತ ಎಲ್ಲರಿಗೂ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮನ್ನು ಗಂಟು ಕಟ್ಟಿ ಎಂದದ್ದನ್ನೂ ಮರೆತವನಂತೆ ನಡೆದುಹೋದ.

ಮಾರನೆ ದಿನ ಸಂಜೆ ಸಿಸ್ಟರ್ ಆಸ್ಪತ್ರೆಯಿಂದ ಸುದ್ದಿ ತಂದಳು. ತೋರುಬೆರಳನ್ನೂ ಅದರ ಪಕ್ಕದ್ದನ್ನೂ ಕತ್ತರಿಸಿ ತೆಗೆದಿದ್ದರು. ಕೈ ಉಳಿಯಿತು, ಜೀವ ಉಳಿಯಿತು. "ಮೊದಲೇ ಬಂದಿದ್ದರೆ ತೊಳೆದು ಕಟ್ಟಿದ್ದರೂ ಸಾಕಿತ್ತು" ಎಂದು ಹೇಳಿ ಮುಖ ಮುಚ್ಚಿಕೊಂಡಳು. ಡ್ಯೂಗಿಡ್ ಮರ್ಡೀನಾಳಿಗೆ ಊರಿಗೆ ಹೋಗುವ ರೈಲಿನ ವ್ಯವಸ್ಥೆ ಮಾಡಿದ್ದನಂತೆ. ಮುಂದಿನ ವರ್ಷ? ಬೆರಳಿಲ್ಲದ ಕೈಗೆ ಮೀನಿನ ಕೆಲಸ ಹೇಗೆ ಕೊಡಲಿ ಎಂದನಂತೆ. ಮರ್ಯಾದೆಯ ಗಾಯಕ್ಕೆ ಸಿಕ್ಕ ಮರ್ಯಾದೆ ಅದು.

ಮರುದಿನ ಬೆಳಗ್ಗೆ ನಾನು ತೊಟ್ಟಿಗೆ ಬಂದಾಗ ಬಾರಬಲ್ ಕಾಯುತ್ತಿದ್ದಳು. ನಮ್ಮ ಪಕ್ಕದ ತೊಟ್ಟಿಯ ಹುಡುಗಿ, ಮಾತೇ ಆಡದವಳು. ಬಟ್ಟೆ ಬಿಚ್ಚಿದ ಕೈಯನ್ನು ನನ್ನ ಮುಂದೆ ಹಿಡಿದಳು. ಹೆಬ್ಬೆರಳಿನ ಹತ್ತಿರ ತೂತು.

"ಡೊಲೀನಕ್ಕ, ನಂಗೂ ಒಂದು ಗೀರು ಹಾಕು. ಸಣ್ಣದು ಸಾಕು. ನಿನ್ನ ಕೈ ಹಗುರ ಅಂತಾರೆ."

ನಾನು ತಲೆ ಎತ್ತಿದೆ. ಅವಳ ಹಿಂದೆ ಇನ್ನೊಬ್ಬಳಿದ್ದಳು. ಅವಳ ಹಿಂದೆ ಮತ್ತೂ ಕೆಲವರು. ನೀರಿಗೆ ಸಾಲು ನಿಂತ ಹಾಗೆ ಕೈ ಹಿಡಿದು ನಿಂತಿದ್ದರು.

ಕತ್ತಿಯನ್ನು ಉಪ್ಪುನೀರಿನ ಬಾನಿಗೆ ಎಸೆದೆ.

"ಯಾರಿಗೂ ಕೊಯ್ಯೂದಿಲ್ಲ ನಾನು! ನಿಮಗೆ ನಾಚಿಕೆ ಆಗೂದಿಲ್ವಾ? ಮರ್ಡೀನಾಳಿಗೆ ಎಂತ ಸಿಕ್ತು, ನೋಡ್ಲಿಲ್ವಾ?"

"ಮತ್ತೆ ಎಂತ ಮಾಡೂದು?" ಎಂದಳು ಬಾರಬಲ್. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಬಾಯಿ ಮುಚ್ಚಿ ಕೊಳೀಬೇಕಾ?"

ಉತ್ತರ ಕೊಟ್ಟವಳು ಓಯ್ರಿಕ್. ಪೀಪಾಯಿಯ ಅಂಚಿನ ಮೇಲೆ ಕೂತು ತನ್ನ ಬೆರಳಿನ ನೂಲನ್ನು ಹಲ್ಲಿನಿಂದ ಎಳೆಯತೊಡಗಿದಳು. ಒಂದೊಂದೇ ಪಟ್ಟಿ ಬಿಚ್ಚಿ ನೆಲಕ್ಕೆ ಹಾಕಿದಳು. ಅವಳ ಬೆರಳುಗಳಲ್ಲೂ ತೂತುಗಳಿದ್ದವು. ನಮಗೆ ಯಾರಿಗೂ ತೋರಿಸಿರಲಿಲ್ಲ, ಕಳ್ಳಿ.

"ಮುಚ್ಚಿದ್ದಕ್ಕೇ ಅಲ್ವಾ ಕೊಳೆತದ್ದು? ಬಿಚ್ಚಿ" ಎಂದಳು.

ಬಿಚ್ಚಿದೆವು. ನಮ್ಮ ತೊಟ್ಟಿಯವರು, ಪಕ್ಕದವರು, ಅದರಾಚೆಯವರು. ಒದ್ದೆ ಪಟ್ಟಿಗಳು ಕಾಲಡಿ ರಾಶಿ ಬಿದ್ದವು. ಕೆಂಪಾದ ಕೈಗಳು, ಬೊಕ್ಕೆ ಎದ್ದ ಕೈಗಳು, ತೂತಿನ ಕೈಗಳು ಒಟ್ಟಿಗೆ ಹೊರಗೆ ಬಂದವು. ಅಷ್ಟು ದಿನ ಎಲ್ಲರೂ ತಮ್ಮದೊಂದೇ ಎಂದುಕೊಂಡಿದ್ದರು. ಗ್ರೀಗ್ ಬಾಯಿಗೆ ಬಂದ ಹಾಗೆ ಬೈದು, ಯಾರೂ ಅಲುಗದ್ದು ನೋಡಿ ಯಜಮಾನನನ್ನು ಕರೆಯಲು ಓಡಿದ.

ಡ್ಯೂಗಿಡ್ ಬಂದ. "ಏನಿದು? ಮೀನು ತೊಟ್ಟಿಯಲ್ಲೇ ಬಿದ್ದಿದೆ! ಕೊಳೆಯುತ್ತೆ!"

"ಕೊಳೀಲಿ" ಎಂದೆ ನಾನು. ಈ ಸಲ ಇಂಗ್ಲಿಷಿನಲ್ಲೇ ಹೇಳಿದೆ. "ಮೀನು ಕೊಳೆತರೆ ನಿಮಗೆ ಕೂಡಲೇ ವಾಸನೆ ಬರ್ತದೆ. ನಮ್ಮದು ಯಾಕೆ ಬರ್ಲಿಲ್ಲ?"

ಅವನು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದ. ಎಲ್ಲರೂ ಕೈ ಚಾಚಿದ್ದೆವು. ಆಗ ಅವನು ತನ್ನ ಹಳೆಯ ವಿದ್ಯೆ ತೆಗೆದ. ದನಿ ಇಳಿಸಿದ.

"ಸರಿ, ಸರಿ. ಕತ್ತಿಯ ಗಾಯ ಇರುವವರು ಈಚೆ ಬನ್ನಿ. ಅವರು ಔಷಧಿಗೆ ಹೋಗಬಹುದು. ಉಳಿದವರು ಕೆಲಸಕ್ಕೆ."

ಯಾರೂ ಅಲುಗಲಿಲ್ಲ. ಸಾಲಿನಲ್ಲಿ ಪೇಗಿ ಎಂಬ ಹುಡುಗಿ ಇದ್ದಳು. ಹಿಂದಿನ ಸಂಜೆ ಅವಳ ಹೆಬ್ಬೆರಳಿಗೆ ಕತ್ತಿ ಜಾರಿ ಉದ್ದಕ್ಕೆ ಸೀಳಿದ್ದನ್ನು ಗ್ರೀಗ್ ಕಣ್ಣಾರೆ ಕಂಡಿದ್ದ. ಗಾಯ ಇನ್ನೂ ಹಸಿಯಾಗಿತ್ತು. ಡ್ಯೂಗಿಡ್ ಅವಳ ಮುಂದೆ ನಿಂತ.

"ಇಗೋ, ಇವಳದ್ದು ಕತ್ತಿಯದ್ದೇ. ಬಾ ಹುಡುಗಿ, ನಿನಗೆ ಹೆದರಿಕೆ ಯಾಕೆ? ನೀನು ಹೋಗು."

ಪೇಗಿ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು. ಪಟ್ಟಿ ಎಳೆದಾಗ ಮತ್ತೆ ಒಡೆದ ಗಾಯದ ರಕ್ತ ಅವಳ ಮಣಿಕಟ್ಟಿನ ತನಕ ಇಳಿದಿತ್ತು.

"ನನ್ನದೂ ಉಪ್ಪಿನದ್ದೇ" ಎಂದಳು. ಹೇಳಿ, ಕೈಯನ್ನು ಬಾರಬಲ್‌ಳ ಕೈಯ ಪಕ್ಕದಲ್ಲೇ ಚಾಚಿಕೊಂಡು ನಿಂತಳು.